ಅಂಕಿ ನಿಂತ ದಿನಗಳು

ನನ್ನ ಕಸುಬು ರಿಪೇರಿ. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರು, ಆಮೇಲೆ ಟಿ.ವಿ. ಬಂಗಾರಪೇಟೆ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ ನನ್ನ ಅಂಗಡಿ. ದೆವ್ವ, ಶಕುನ, ದೃಷ್ಟಿ ಇವನ್ನೆಲ್ಲ ರಿಪೇರಿಯವನು ನಂಬತೊಡಗಿದರೆ ಅಂಗಡಿಗೆ ಬೀಗ ಹಾಕಬೇಕಾಗುತ್ತದೆ. ಸೆಟ್ಟು ಗೊರಗುಟ್ಟಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಎಲ್ಲೋ ಒಂದು ತಂತಿ ಸಡಿಲವಾಗಿರುತ್ತದೆ, ಒಂದು ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಒಳಗೆ ಇಲಿ ಸಂಸಾರ ಹೂಡಿರುತ್ತದೆ. ಟಿ.ವಿ.ಗೆ ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ತಂದವರನ್ನು ನಾನು ಚೆನ್ನಾಗಿ ಆಡಿಕೊಂಡಿದ್ದೇನೆ. ನಿಂಬೆಹಣ್ಣನ್ನು ಪಾನಕಕ್ಕೆ ಇಟ್ಟುಕೊಂಡು ಟಿ.ವಿ. ಸರಿಮಾಡಿ ಕೊಟ್ಟದ್ದೂ ಉಂಟು.

ಈಗ ಹೇಳಹೊರಟಿರುವುದನ್ನು ಓದಿದ ಮೇಲೆ ನೀವು ನನ್ನನ್ನೂ ಹಾಗೇ ಆಡಿಕೊಳ್ಳಬಹುದು. ಆಡಿಕೊಳ್ಳಿ, ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದಕ್ಕೆ ಅರ್ಥ ಹೇಳುವ ಶಕ್ತಿ ನನಗಿಲ್ಲ. ಇದ್ದಿದ್ದರೆ ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಮಾರಿಕುಪ್ಪಂ ಕಡೆಯ ರೈಲು ಬಂದು ಹೋದ ಸ್ವಲ್ಪ ಹೊತ್ತಿಗೆ ಮುನಿವೆಂಕಟಪ್ಪ ಎಂಬವನು ನನ್ನ ಅಂಗಡಿಗೆ ಬಂದ. ಹಳೆಯ ಪಂಚೆಯಲ್ಲಿ ಏನನ್ನೋ ಸುತ್ತಿ, ಎಳೆ ಮಗುವನ್ನು ಹಿಡಿದಂತೆ ಎದೆಗೆ ಒತ್ತಿಕೊಂಡಿದ್ದ. ಬಿಚ್ಚಿದರೆ ಒಳಗೆ ಪಂಚಾಂಗಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿ, ಅದರ ಮೈತುಂಬ ಬೂದು ಬಣ್ಣದ ರಬ್ಬರ್ ಗುಂಡಿಗಳು. ಇದು ಕಂಪ್ಯೂಟರು ಅಂದ. ನಾನು ನಕ್ಕೆ. ಆ ಕಾಲಕ್ಕೆ ಕಂಪ್ಯೂಟರೆಂದರೆ ಗಾಜಿನ ಕೋಣೆಯ ಆಚೆ ನಿಂತು, ಚಪ್ಪಲಿ ಬಿಟ್ಟು ನೋಡುವ ವಸ್ತು. ಇದನ್ನೋ, ಟಿ.ವಿ.ಗೆ ಸಿಕ್ಕಿಸಿಕೊಂಡು ಮನೆಯಲ್ಲೇ ನಡೆಸಬಹುದಂತೆ. ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಕ್ಯಾಸೆಟ್ಟೇ ಸಾಕಂತೆ.

ಮುನಿವೆಂಕಟಪ್ಪ ಕಾಮಸಮುದ್ರದ ಪಕ್ಕದ ಒಂದು ಹಳ್ಳಿಯವನು. ಚಿನ್ನದ ಗಣಿಯಲ್ಲಿ ಮರದ ಕೆಲಸ, ಅಂದರೆ ಭೂಮಿಯ ಆಳದಲ್ಲಿ ಅಗೆದ ಜಾಗ ಕುಸಿಯದಂತೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವ ಕೆಲಸ. ಉರಿಗಾಂನಲ್ಲಿ ಗಣಿಯವರು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯೊಂದರಲ್ಲಿ ಹೆಂಡತಿ ನಾರಾಯಣಮ್ಮ, ಮಗ ಮಂಜುನಾಥನ ಜೊತೆ ಇದ್ದ. ನಾರಾಯಣಮ್ಮ ಒಬ್ಬ ಆಫೀಸರ ಬಂಗಲೆಯಲ್ಲಿ ಮನೆಗೆಲಸ ಮಾಡುತ್ತಿದ್ದಳು. ಆ ಆಫೀಸರು ನಿವೃತ್ತರಾಗಿ ಊರಿಗೆ ಹೊರಟಾಗ, ತಮ್ಮ ಮಕ್ಕಳು ಆಡಿ ಬಿಟ್ಟ ಈ ಕಂಪ್ಯೂಟರನ್ನೂ ಒಂದು ಪುಟ್ಟ ಕಪ್ಪುಬಿಳುಪು ಟಿ.ವಿ.ಯನ್ನೂ ಆಕೆಗೆ ಕೊಟ್ಟು ಹೋಗಿದ್ದರು. ಮಂಜುನಾಥ ಆಗ ಪಿಯುಸಿ ಓದುತ್ತಿದ್ದ.

“ಇಪ್ಪತ್ತೆರಡು ವರ್ಷ ನಾನು ಕೆಳಕ್ಕಿಳ್ದಿದ್ದೀನಿ ಅಣ್ಣ. ನಮ್ಮುಡುಗ ಇಳೀಬಾರ್ದು. ಇದನ್ನ ಕಲ್ತ್ರೆ ಮೇಲ್ಗಡೇನೇ ಏನಾದ್ರೂ ಸಿಕ್ತದೆ ಅಂತಾರೆ” ಅಂದ ಮುನಿವೆಂಕಟಪ್ಪ. ಅವನು ಇದನ್ನು ದೊಡ್ಡ ಆಸೆಯ ದನಿಯಲ್ಲೇನೂ ಹೇಳಲಿಲ್ಲ. ಸೊಸೈಟಿಯಲ್ಲಿ ಸಕ್ಕರೆ ಸಿಗುತ್ತದಂತೆ ಅನ್ನುವ ಹಾಗೆ ಹೇಳಿದ. ಆದರೆ ಪಂಚೆಯ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ.

ಕಂಪ್ಯೂಟರಿಗಿದ್ದ ರೋಗ ಇಷ್ಟೆ. ಚೆನ್ನಾಗಿ ನಡೆಯುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಏನಿತ್ತೋ ಅದು ಹಾಗೇ ಕಲ್ಲಾಗುತ್ತಿತ್ತು. ಯಾವ ಗುಂಡಿ ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಕರೆಂಟು ಹೋಗಿ ಬಂದರೆ ಹಾಗಾಗುವುದಿಲ್ಲ, ಪರದೆ ತೊಳೆದಂತಾಗಿ ಮೊದಲಿನಿಂದ ಶುರುವಾಗುತ್ತದೆ. ಇದು ಬೇರೆ. ಇದು ನಿಲ್ಲುವುದು. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ನಿಲ್ಲುತ್ತಿತ್ತು, ಮತ್ತೆ ಹತ್ತು ದಿನ ಸರಿಯಿರುತ್ತಿತ್ತು. ನಿಂತಾಗ ಮಂಜುನಾಥ ಅಷ್ಟು ಹೊತ್ತು ಬರೆದಿದ್ದೆಲ್ಲ ಹೋಗುತ್ತಿತ್ತು.

ಪೂರ್ತಿ ಸತ್ತ ಸೆಟ್ಟು ನಮಗೆ ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವುದು ನಮ್ಮ ಶತ್ರು, ಅಂಗಡಿಗೆ ತಂದ ಕೂಡಲೇ ಸಾಧುವಾಗಿಬಿಡುತ್ತದೆ. ಅಂಥದ್ದಕ್ಕೆ ನನ್ನದೊಂದು ಪದ್ಧತಿ ಇತ್ತು. ಗಿರಾಕಿಯ ಕೈಗೆ ಒಂದು ಪುಟ್ಟ ನೋಟ್‌ಬುಕ್ಕು ಕೊಟ್ಟು, ಕೆಟ್ಟಾಗಲೆಲ್ಲ ದಿನ, ಗಂಟೆ, ನಿಮಿಷ ಬರೆದಿಡಿ ಅನ್ನುತ್ತಿದ್ದೆ. ಒಂದು ತಿಂಗಳ ನಂತರ ಅದನ್ನು ನೋಡಿದರೆ, ಮಧ್ಯಾಹ್ನದ ಸೆಕೆಗೆ ಕೆಡುತ್ತದೋ, ಸಂಜೆ ಕರೆಂಟು ಇಳಿದಾಗ ಕೆಡುತ್ತದೋ ಗೊತ್ತಾಗುತ್ತಿತ್ತು. ಊರಿನವರು ಇದನ್ನು ರೇಡಿಯೋ ಅಣ್ಣ ಬರೆಸುವ ಜಾತಕ ಎಂದು ತಮಾಷೆ ಮಾಡುತ್ತಿದ್ದರು.

ಬೆಂಗಳೂರಿನಿಂದ ಅದರ ಸರ್ಕ್ಯೂಟ್ ನಕ್ಷೆಯ ಜೆರಾಕ್ಸು ತರಿಸಿಕೊಂಡೆ. ಒಂದು ಭಾನುವಾರ ಉರಿಗಾಂಗೆ ಹೋಗಿ, ಕಂಪ್ಯೂಟರಿನ ಜೊತೆ ಬಂದಿದ್ದ ಪುಸ್ತಕ ನೋಡಿಕೊಂಡು ನಾನೂ ಮಂಜುನಾಥನೂ ಸೇರಿ ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಬರೆದೆವು. ಅದು ಮಾಡುತ್ತಿದ್ದದ್ದು ಇಷ್ಟೇ: ಸೆಕೆಂಡಿಗೊಂದರಂತೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಪರದೆಯ ನಡುವೆ ಅಂಕಿ ತೋರಿಸುವುದು. ಬೆಳಿಗ್ಗೆ ಏಳಕ್ಕೆ ಶುರುಮಾಡಿ ಬಿಟ್ಟರೆ ಯಾರೂ ಕಾಯಬೇಕಾಗಿಲ್ಲ. ಯಾವಾಗ ನಿಂತರೂ, ನಿಂತ ಅಂಕಿಯನ್ನು ನೋಡಿ ಲೆಕ್ಕ ಹಾಕಿದರೆ ಎಷ್ಟು ಗಂಟೆಗೆ ನಿಂತಿತು ಎಂದು ಗೊತ್ತಾಗುತ್ತದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ವಾಪಸು ಬಂದೆ.

ಎರಡು ತಿಂಗಳ ನಂತರ ಮಂಜುನಾಥ ನೋಟ್‌ಬುಕ್ಕು ತಂದ. ಎಂಟು ಸಲ ನಿಂತಿತ್ತು. ಒಂದೊಂದು ಸಲ ಒಂದೊಂದು ಹೊತ್ತು. ಸೆಕೆಗೂ ಸಂಬಂಧವಿಲ್ಲ, ಕರೆಂಟಿಗೂ ಇಲ್ಲ. ಆದರೆ ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಕುಂಕುಮದ ಬೊಟ್ಟು ಇತ್ತು. ಇದೇನೋ, ಕಂಪ್ಯೂಟರಿಗೆ ಆಯುಧಪೂಜೆಯಾ ಅಂದೆ. ಅವನು ನಾಚಿಕೊಂಡ. ಅಮ್ಮ ಇಟ್ಟದ್ದು, ಅವತ್ತವತ್ತು ಏರ್ ಬ್ಲಾಸ್ಟ್ ಆಗಿದೆ ಅಂದ.

ಗಣಿಯ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಭಾರ ಬಿದ್ದೂ ಬಿದ್ದೂ ಅದು ಒಂದು ಗಳಿಗೆಯಲ್ಲಿ ತಾನಾಗಿ ಸಿಡಿಯುತ್ತದೆ. ಮೇಲಿನ ಮನೆಗಳಲ್ಲಿ ನೆಲ ಒಮ್ಮೆ ಅದುರಿ, ಅಟ್ಟಣಿಗೆಯ ಪಾತ್ರೆಗಳು ಗಲಗಲ ಅನ್ನುತ್ತವೆ. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತಾರೆ. ಯಾರ ಮನೆಯವರು ಯಾವ ಪಾಳಿಯಲ್ಲಿ ಕೆಳಗಿದ್ದಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬಹಳ ಸಲ ಏನೂ ಆಗಿರುವುದಿಲ್ಲ. ಕೆಲವು ಸಲ ಆಗಿರುತ್ತದೆ.

ನಾರಾಯಣಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಓಡುವ ಅಂಕಿ ಯಾವುದು, ನಿಂತ ಅಂಕಿ ಯಾವುದು ಎಂದು ತಿಳಿಯಲು ಅಕ್ಷರ ಬೇಕಾಗಿಲ್ಲ. ಅಂಕಿ ನಿಂತ ದಿನ, ನಿಂತ ಎರಡು ಮೂರು ಗಂಟೆಯ ಒಳಗೆ ನೆಲ ಅದುರುತ್ತಿದೆ ಎಂಬುದನ್ನು ಕಂಡವಳು ಅವಳು. ಮೂರನೆಯ ಸಲದ ನಂತರ ಅವಳು ನೋಡುತ್ತಾ ಕೂರಲಿಲ್ಲ. ಅಂಕಿ ನಿಂತರೆ ಗಂಡನನ್ನು ಕೆಲಸಕ್ಕೆ ಬಿಡುತ್ತಿರಲಿಲ್ಲ. ಅತ್ತಳೋ, ಬಾಗಿಲಿಗೆ ಅಡ್ಡ ಮಲಗಿದಳೋ, ಅಂತೂ ಅವನು ನಾಗಾ ಹಾಕಬೇಕಾಗುತ್ತಿತ್ತು. ಒಂದು ಸಲ ಅವನ ಜಾಗಕ್ಕೆ ಹೋದವನ ಕಾಲು ಮುರಿಯಿತು. ಆಮೇಲೆ ಅವಳನ್ನು ಒಪ್ಪಿಸುವವರು ಯಾರೂ ಇರಲಿಲ್ಲ.

ನಾನು ಮಂಜುನಾಥನಿಗೆ ದೊಡ್ಡ ಪಾಠ ಮಾಡಿದೆ. ಗಣಿಯಲ್ಲಿ ಬಂಡೆ ಸಿಡಿಯುವುದು ಅಪರೂಪವೇನಲ್ಲ, ಯಾವುದನ್ನು ಯಾವುದರ ಪಕ್ಕ ಇಟ್ಟರೂ ಹೊಂದುತ್ತದೆ. ಗಣಿಯ ದೊಡ್ಡ ಮೋಟಾರುಗಳಿಂದ ಕರೆಂಟು ಏರುಪೇರಾಗುತ್ತದೆ, ಅದಕ್ಕೇ ನಿಲ್ಲುತ್ತಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಅಂದೆ. ಆ ಹುಡುಗ ಬುದ್ಧಿವಂತ. ಕಾಗೆ ಎಂಟು ಸಲ ಕೂತು ಎಂಟು ಸಲವೂ ಕೊಂಬೆ ಮುರಿದರೆ ಏನನ್ನುವುದು ಅಣ್ಣ ಎಂದು ಕೇಳಿದ. ನನಗೆ ಸಿಟ್ಟು ಬಂತು. ಕಂಪ್ಯೂಟರನ್ನೇ ಇಲ್ಲಿಗೆ ತಂದುಬಿಡು, ನಮ್ಮ ಕರೆಂಟಿನಲ್ಲಿ ನೋಡೋಣ ಅಂದೆ.

ತಂದವನು ಮುನಿವೆಂಕಟಪ್ಪ. ಅಂಗಡಿಯಲ್ಲಿ ಬೇರೆ ಗಿರಾಕಿ ಹೋಗುವ ತನಕ ಕಾದು, ಆಮೇಲೆ ಹೇಳಿದ.

“ಇನ್ನೊಂದು ನಾಗಾ ಆದ್ರೆ ಮನೇಗೆ ಕಳಿಸ್ತೀವಿ ಅಂದವ್ರೆ ಅಣ್ಣ. ಕೆಲ್ಸ ಓಯ್ತು ಅಂದ್ರೆ ಹುಡ್ಗನ್ನ ಎಲ್ಲಿಂದ ಓದಿಸ್ಲಿ? ಇದು ನಿಲ್ದಂಗೆ ಮಾಡ್ಬಿಡಿ. ಮಾಡ್ದೆ ಅಂತ ಅವ್ಳಿಗೆ ಮಾತ್ರ ಏಳ್ಬೇಡಿ.”

ನನಗೆ ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ, ಅದೇ ನನ್ನ ಕಷ್ಟ. ಕೆಟ್ಟದ್ದನ್ನು ತಂದಿದ್ದಾನೆ, ಸರಿಮಾಡು ಅನ್ನುತ್ತಿದ್ದಾನೆ.

ಕಂಪ್ಯೂಟರನ್ನು ಅಂಗಡಿಯ ಕಪಾಟಿನ ಮೇಲಿಟ್ಟು ಎಣಿಸಲು ಬಿಟ್ಟೆ. ವಾರದೊಳಗೆ ಒಂದು ಸಲ ನಿಂತಿತು. ಕರೆಂಟಿನ ಏರುಪೇರು ಕಾರಣವಲ್ಲ ಅಂದ ಹಾಗಾಯಿತು, ಯಾಕೆಂದರೆ ಗಣಿಯ ಮೋಟಾರುಗಳು ಇಲ್ಲಿಲ್ಲ. ಅವತ್ತು ಅಲ್ಲಿ ಬಂಡೆ ಸಿಡಿದಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ನಾನೂ ಕುಂಕುಮ ಇಟ್ಟಂತೆಯೇ ಅಲ್ಲವೇ ಅನ್ನಿಸಿತು.

ಎರಡು ದಿನ ಬಿಟ್ಟು ನಾರಾಯಣಮ್ಮ ಒಬ್ಬಳೇ ಬಂದಳು. ಅದಕ್ಕೂ ಮುಂಚೆ ಅವಳು ಒಬ್ಬಳೇ ರೈಲು ಹತ್ತಿದ್ದಳೋ ಇಲ್ಲವೋ, ಸೆರಗಿನ ತುದಿಯಲ್ಲಿ ಟಿಕೀಟನ್ನು ಗಂಟು ಹಾಕಿಕೊಂಡಿದ್ದಳು. ಕಪಾಟಿನ ಮೇಲೆ ಅಂಕಿ ಓಡುತ್ತಿರುವುದನ್ನು ನೋಡಿ ಅವಳ ಮುಖ ಸ್ವಲ್ಪ ಸಡಿಲವಾಯಿತು. ಕೂರು ಅಂದರೂ ಕೂರಲಿಲ್ಲ.

“ಅಣ್ಣ, ಇದನ್ನ ರಿಪೇರಿ ಮಾಡ್ಬೇಡಿ. ಇರೋ ಅಂಗೇ ಬಿಟ್ಬಿಡಿ. ಅವ್ರು ಕೇಳಿದ್ರೆ ನನ್ ಕೈಲಾಗ್ಲಿಲ್ಲ ಅಂತ ಏಳಿ.”

ರಿಪೇರಿ ಮಾಡಿಕೊಡಿ ಎಂದು ಅತ್ತವರನ್ನು ಕಂಡಿದ್ದೆ. ರಿಪೇರಿ ಮಾಡಬೇಡಿ ಎಂದು ಕೈಮುಗಿದವರನ್ನು ಅವತ್ತೇ ಕಂಡದ್ದು. ಅವಳಿಗೂ ಪಾಠ ಮಾಡಲು ಬಾಯಿ ತೆರೆದೆ, ಪ್ರಯೋಜನವಿಲ್ಲ ಅನ್ನಿಸಿತು. ಗಂಡನ ಕೆಲಸ ಹೋಗುವ ಸ್ಥಿತಿಗೆ ಬಂದಿದೆಯೆಂದು ಹೇಳೋಣವೆಂದರೆ ಅವನೇ ಬಾಯಿ ಕಟ್ಟಿಹಾಕಿದ್ದ. ಆಗಲಮ್ಮ, ನಾನು ಮುಟ್ಟುವುದೇ ಇಲ್ಲ, ಹೋಗಿ ಬಾ ಅಂದೆ. ಮಕ್ಕಳನ್ನು ಸಮಾಧಾನ ಮಾಡಿ ಕಳಿಸುವ ಹಾಗೆ ಹೇಳಿದೆ. ಅವಳು ನಂಬಿದಳು.

ಇನ್ನು ಆ ಮಧ್ಯಾಹ್ನದ ವಿಷಯ. ಬೆಳಿಗ್ಗೆ ಒಂಬತ್ತಕ್ಕೆ ನಾನೇ ಎಣಿಕೆ ಶುರುಮಾಡಿದ್ದೆ. ಊಟ ಮುಗಿಸಿ ಬಂದು ನೋಡಿದರೆ ಅಂಕಿ ಹದಿನೇಳು ಸಾವಿರದ ಚಿಲ್ಲರೆಯಲ್ಲಿ ನಿಂತಿತ್ತು. ಎರಡು ಗಂಟೆಗೆ ಸ್ವಲ್ಪ ಮುಂಚೆ ನಿಂತಿದೆ. ಸೆಕೆಯಿಲ್ಲ, ಮೋಡ ಮುಚ್ಚಿದ ದಿನ. ಮೀಟರು ಹಚ್ಚಿ ನೋಡಿದೆ, ಕರೆಂಟು ಸರಿಯಾಗಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ, ಏನೂ ಆಗಲಿಲ್ಲ. ಅದನ್ನು ಹಾಗೇ ಬಿಟ್ಟು ಬೇರೆ ಕೆಲಸಕ್ಕೆ ಕೂತೆ. ಆದರೆ ಕೈ ಕೆಲಸದ ಮೇಲಿದ್ದರೂ ಕಣ್ಣು ಆ ನಿಂತ ಅಂಕಿಯ ಕಡೆಗೇ ಹೋಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾನು ಕಾಯುತ್ತಿದ್ದೆ.

ಸಂಜೆ ಮಾರಿಕುಪ್ಪಂನಿಂದ ರೈಲು ಬಂತು. ಅದರಲ್ಲಿ ಕಡಲೆಕಾಯಿ ಮಾರುವವನೊಬ್ಬ ದಿನಾ ನನ್ನ ಅಂಗಡಿಯ ಮುಂದೆಯೇ ಮನೆಗೆ ಹೋಗುತ್ತಿದ್ದ. ನಾನು ಅವನನ್ನು ಏನೂ ಕೇಳಲಿಲ್ಲ. ಅವನೇ ಬುಟ್ಟಿ ಇಳಿಸಿ ಬೀಡಿಗೆ ಬೆಂಕಿ ಕೇಳುತ್ತಾ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಉರಿಗಾಂ ಪ್ಲಾಟ್‌ಫಾರಮ್ಮಿನ ಮೇಲೆ ಕೂತಿದ್ದಾಗ ನಾಲ್ಕು ಗಂಟೆಗೆ ನೆಲ ಹೇಗೆ ಅದುರಿತು, ತನ್ನ ಬುಟ್ಟಿಯ ಕಾಯಿ ಹೇಗೆ ಕುಣಿಯಿತು ಎಂದು ಕೈಯಲ್ಲಿ ಮಾಡಿ ತೋರಿಸಿದ. ಯಾರಿಗೂ ಏನೂ ಆಗಿಲ್ಲವಂತೆ ಸಾರ್ ಅಂದ.

ಅವನು ಹೋದ ಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದೆ. ಇಲ್ಲಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಇಲ್ಲಿ ಒಂದು ಲೋಟದ ನೀರೂ ಅಲುಗಿರಲಿಲ್ಲ. ಅಲ್ಲಿ ಬಂಡೆ ಸಿಡಿಯುವ ಎರಡು ಗಂಟೆ ಮೊದಲು, ಇಲ್ಲಿ ನನ್ನ ಕಪಾಟಿನ ಮೇಲೆ ಈ ಡಬ್ಬಿ ಉಸಿರು ಹಿಡಿದಿತ್ತು. ಅವತ್ತು ಬೇಗ ಅಂಗಡಿ ಮುಚ್ಚಿದೆ. ಮುಚ್ಚುವ ಮೊದಲು ಅದನ್ನು ಆರಿಸಲು ಕೈ ಚಾಚಿದಾಗ, ನನ್ನ ಕೈ ಹಿಂದೆ ಮುಂದೆ ನೋಡಿತು.

ಮಾರನೆಯ ದಿನ ನಾನು ಏನು ಮಾಡಬಹುದಿತ್ತು ಎಂದು ಸಾವಿರ ಸಲ ಯೋಚಿಸಿದ್ದೇನೆ. ಅದನ್ನು ಹಾಗೇ ಒಯ್ದು ನಾರಾಯಣಮ್ಮನ ಕೈಗೆ ಕೊಡಬಹುದಿತ್ತು. ಯಾರಾದರೂ ತಿಳಿದವರಿಗೆ ತೋರಿಸಬಹುದಿತ್ತು. ನಾನು ಮಾಡಿದ್ದು ಬೇರೆ. ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಅದರ ಹೊಟ್ಟೆ ಬಿಚ್ಚಿ, ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ನೋಡಿದೆ. ಸಿಕ್ಕೇ ಸಿಕ್ಕಿತು. ಒಂದು ಸಣ್ಣ ಕಾಯಿಲ್ಲಿನ, ಅಂದರೆ ತಂತಿ ಸುರುಳಿಯ, ಕಾಲಿನ ಸುತ್ತ, ಕೂದಲಿಗಿಂತ ತೆಳ್ಳಗೆ, ಉಂಗುರದಂಥ ಬಿರುಕು. ನಮ್ಮ ಭಾಷೆಯಲ್ಲಿ ಡ್ರೈ ಸಾಲ್ಡರ್. ಎಲ್ಲ ಸೆಟ್ಟುಗಳಲ್ಲೂ ಬರುವ ರೋಗ. ಅದನ್ನು ಕಂಡಾಗ ನನಗಾದ ನೆಮ್ಮದಿಯನ್ನು ಹೇಳಲಾರೆ. ನೋಡು, ಕಾರಣ ಇದೆ ಎಂದು ಗಟ್ಟಿಯಾಗಿಯೇ ಅಂದುಕೊಂಡೆ. ಬೆಸುಗೆ ಹಾಕುವ ಕಾಯ್ದ ಐರನ್ನು ಇಟ್ಟು, ಒಂದು ಹನಿ ಸೀಸ ಬಿಟ್ಟೆ. ಎಣಿಸಿದರೆ ಮೂರು ಸೆಕೆಂಡಿನ ಕೆಲಸ. ಮುನಿವೆಂಕಟಪ್ಪನ ಕೆಲಸ ಉಳಿಯಲಿ ಎಂದು ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ನನಗೆ ಹೆದರಿಕೆಯಾಗಿತ್ತು. ಆ ಹೆದರಿಕೆಯನ್ನು ರಿಪೇರಿ ಮಾಡಿದೆ.

ಮುಂದಿನ ಭಾನುವಾರ ನಾನೇ ಅದನ್ನು ಉರಿಗಾಂಗೆ ಒಯ್ದು ಟಿ.ವಿ.ಗೆ ಸಿಕ್ಕಿಸಿ ಕೊಟ್ಟೆ. ನಾರಾಯಣಮ್ಮ ಕಾಫಿ ತಂದಿಟ್ಟು, ಮುಟ್ಟಿಲ್ಲ ತಾನೇ ಅಣ್ಣ ಎಂದು ಮೆಲ್ಲಗೆ ಕೇಳಿದಳು. ಇಲ್ಲಮ್ಮ, ಮೊದಲು ಹೇಗಿತ್ತೋ ಹಾಗೇ ಇದೆ ಅಂದೆ. ಮುನಿವೆಂಕಟಪ್ಪ ನೆಲ ನೋಡುತ್ತಾ ಕೂತಿದ್ದ. ಹೊರಡುವಾಗ ಅವಳು ಊರಿನಿಂದ ಬಂದಿದ್ದ ಅವರೆಕಾಯಿಯನ್ನು ನನ್ನ ಚೀಲಕ್ಕೆ ತುಂಬಿದಳು. ಬೇಡ ಅನ್ನಬಹುದಿತ್ತು. ತೆಗೆದುಕೊಂಡು ಬಂದೆ.

ಐದು ವಾರ ಅಂಕಿ ಒಮ್ಮೆಯೂ ನಿಲ್ಲಲಿಲ್ಲ. ಆ ಐದು ವಾರ ನೆಲವೂ ಸುಮ್ಮನಿತ್ತು. ಮುನಿವೆಂಕಟಪ್ಪ ಒಂದೂ ನಾಗಾ ಹಾಕಲಿಲ್ಲ. ಒಮ್ಮೆ ಬಂಗಾರಪೇಟೆಗೆ ಬಂದಿದ್ದವನು, ಮಂಜ ರಾತ್ರಿ ಹೊತ್ತು ಎಣಿಕೆ ನಿಲ್ಲಿಸಿ ಇಡೀ ಪಾಠದ ಪಟ್ಟಿಯನ್ನು ಅದರಲ್ಲಿ ಬರೆದಿಟ್ಟಿದ್ದಾನೆ, ಒಂದು ಸಲವೂ ಅಳಿಸಿಹೋಗಲಿಲ್ಲ ಎಂದು ಸಂತೋಷದಿಂದ ಹೇಳಿ ಹೋದ. ನಾನು ಅವನನ್ನು ಕಡೆಯದಾಗಿ ನೋಡಿದ್ದು ಅವತ್ತು.

ಆರನೆಯ ವಾರ ಒಂದು ಸಂಜೆ ಬಂಡೆ ಸಿಡಿಯಿತು. ಮಧ್ಯಾಹ್ನದ ಪಾಳಿಯಲ್ಲಿ ಕೆಳಗಿಳಿದಿದ್ದ ಮುನಿವೆಂಕಟಪ್ಪ, ತಾನೇ ನಿಲ್ಲಿಸಿದ್ದ ದಿಮ್ಮಿಗಳ ಜೊತೆ ಬಂಡೆಯಡಿ ಸಿಕ್ಕಿ ಸತ್ತ. ಮಾರನೆಯ ದಿನ ಬೆಳಗಿನ ರೈಲಿನವರಿಂದ ನನಗೆ ಸುದ್ದಿ ತಿಳಿಯಿತು. ಹೇಗೆ ಅಂಗಡಿ ಮುಚ್ಚಿದೆ, ಹೇಗೆ ಉರಿಗಾಂ ಮುಟ್ಟಿದೆ ಒಂದೂ ನೆನಪಿಲ್ಲ. ಲೈನಿನ ಉದ್ದಕ್ಕೂ ಜನ. ಒಳಗೆ ಹೆಂಗಸರ ನಡುವೆ ನಾರಾಯಣಮ್ಮ ಗೋಡೆಗೊರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಮೂಲೆಯಲ್ಲಿ ಟಿ.ವಿ. ಹಾಗೇ ಉರಿಯುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ಹಾಕಿದ್ದನ್ನು ಯಾರೂ ಆರಿಸಿರಲಿಲ್ಲ. ಅಂಕಿ ಲಕ್ಷ ದಾಟಿ ಓಡುತ್ತಿತ್ತು. ಅಷ್ಟು ಜನರಲ್ಲಿ ಅದನ್ನು ನೋಡುತ್ತಿದ್ದವರು ಇಬ್ಬರೇ, ಅವಳು ಮತ್ತು ನಾನು. ಅದನ್ನು ಆರಿಸುವ ಧೈರ್ಯವೂ ನನಗೆ ಬರಲಿಲ್ಲ.

ಎಲ್ಲ ಕಾರ್ಯಗಳೂ ಮುಗಿದು ಕೆಲವು ತಿಂಗಳಾದ ಮೇಲೆ ಅವಳು ಅಂಗಡಿಗೆ ಬಂದಳು. ಅದೇ ಹಳೆಯ ಪಂಚೆಯಲ್ಲಿ ಸುತ್ತಿದ ಕಂಪ್ಯೂಟರನ್ನು ಮೇಜಿನ ಮೇಲಿಟ್ಟಳು. “ನೀವು ಮುಟ್ಟಿದ್ರಾ ಅಣ್ಣ?” ಅಂದಳು.

ಮುಟ್ಟಿದೆ ಅಂದೆ. ಅದೊಂದು ಸಲವಾದರೂ ನಿಜ ಹೇಳಿದೆ. ಅವನೇ ಕೇಳಿದ್ದು, ಕೆಲಸ ಹೋಗುತ್ತದೆಂದು ಹೆದರಿ ಕೇಳಿದ್ದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಸತ್ತವನ ಮೇಲೆ ಹಾಕಿ ಬಚಾವಾಗಲು ಮನಸ್ಸಾಗಲಿಲ್ಲ. ಬಯ್ಯಲಿ, ಶಾಪ ಹಾಕಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಬಯ್ಯಲಿಲ್ಲ.

“ಅವತ್ತು ನಾನೇ ಊಟ ಕಟ್ಟಿ ಕಳಿಸ್ದೆ. ಅಂಕಿ ಓಡ್ತಾ ಅದೆ, ಓಗಿ ಬನ್ನಿ ಅಂತ ನಾನೇ ಏಳ್ದೆ” ಅಂದಳು. ಆಮೇಲೆ ಕಣ್ಣೊರೆಸಿಕೊಂಡು, ನಾನು ಈಗಲೂ ನಿದ್ದೆಯಲ್ಲಿ ಕೇಳುವ ಮಾತನ್ನು ಹೇಳಿದಳು. “ಅವ್ರ ಕೆಲ್ಸಾನ ಮಂಜನ್ಗೆ ಕೊಟ್ಟವ್ರೆ. ಸೋಮವಾರದಿಂದ ಇಳೀತಾನೆ. ಇದನ್ನ ಮೊದ್ಲಿದ್ದಂಗೆ ಕೆಡಿಸ್ಕೊಡಿ ಅಣ್ಣ.”

ಗಣಿಯಲ್ಲಿ ಸತ್ತವನ ಮನೆಯ ಒಬ್ಬರಿಗೆ ಕೆಲಸ ಸಿಗುವುದು ಅಲ್ಲಿಯ ವಾಡಿಕೆ. ಮನೆ ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ. ಯಾವ ಮಗ ಇಳಿಯಬಾರದೆಂದು ಈ ಡಬ್ಬಿಯನ್ನು ಎದೆಗವಚಿಕೊಂಡು ತಂದಿದ್ದನೋ, ಅದೇ ಮಗ ಅಪ್ಪನ ಬೂಟು ಹಾಕಿಕೊಂಡು ಇಳಿಯಲು ಹೊರಟಿದ್ದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿಮಗೆ ಗೊತ್ತು. ನನ್ನ ಪಾಲಿಗೆ ಅದು ತಿರುಗುಮುರುಗಾಯಿತು. ಸರಿಮಾಡಲು ಮೂರು ಸೆಕೆಂಡು ಸಾಕಾಗಿತ್ತು. ಕೆಡಿಸಲು ನಾನು ಒಂದು ವರ್ಷ ಕೂತೆ. ನಾನು ಇಟ್ಟ ಸೀಸವನ್ನು ಹೀರಿ ತೆಗೆದೆ. ಸೂಜಿಯಿಂದ ಬಿರುಕು ಕೊರೆದೆ. ಅರ್ಧ ಬೆಸೆದೆ, ಕಾಲು ಬೆಸೆದೆ, ಉಜ್ಜಿದೆ, ಕಾಯಿಸಿದೆ, ನೀರಿನ ಹನಿ ಬಿಟ್ಟು ತಣಿಸಿದೆ. ಕಂಪ್ಯೂಟರು ನಿಲ್ಲುತ್ತಿತ್ತು, ನಿಲ್ಲದೇನು. ಗಂಟೆಗೆ ಹತ್ತು ಸಲ ನಿಲ್ಲುತ್ತಿತ್ತು, ಬಸ್ಸು ಹೋದರೆ ನಿಲ್ಲುತ್ತಿತ್ತು, ನಾನು ಸೀನಿದರೆ ನಿಲ್ಲುತ್ತಿತ್ತು. ಈಗ ನಾನು ನಾಚಿಕೆಯಿಲ್ಲದೆ ರೈಲಿನವರನ್ನು ದಿನಾ ಕೇಳುತ್ತಿದ್ದೆ. ಅಲ್ಲಿ ನೆಲ ಅದುರಿದ ದಿನ ಇಲ್ಲಿ ಅಂಕಿ ಓಡುತ್ತಿತ್ತು. ಇಲ್ಲಿ ನಿಂತ ದಿನ ಅಲ್ಲಿ ಏನೂ ಇರುತ್ತಿರಲಿಲ್ಲ. ಅದು ಬರೀ ಕೆಟ್ಟ ಕಂಪ್ಯೂಟರಾಗಿತ್ತು, ಅಷ್ಟೇ. ನನ್ನ ಕಪಾಟಿನ ಮೇಲಿನ ಬೇರೆಲ್ಲ ಸೆಟ್ಟುಗಳಂತೆ.

ತಿಂಗಳಿಗೊಮ್ಮೆ ನಾರಾಯಣಮ್ಮ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಅವಳು ಹಾಗೇ ತಿರುಗಿ ಸ್ಟೇಷನ್ನಿಗೆ ಹೋಗುತ್ತಿದ್ದಳು. ಒಮ್ಮೆ ನನಗೆ ಇನ್ನೊಂದು ಸುಳ್ಳು ಹೇಳಿಬಿಡುವ ಆಸೆಯಾಯಿತು. ಆಗಾಗ ನಿಲ್ಲುವ ಹಾಗೆ ಮಾಡಿ, ಇಗೋ ಮೊದಲಿನ ಹಾಗಾಯಿತು ಎಂದು ಕೊಟ್ಟುಬಿಟ್ಟರೆ ಅವಳಿಗೆ ಅಷ್ಟಾದರೂ ಸಮಾಧಾನ. ಆದರೆ ಅಂಕಿ ಓಡುವ ದಿನ ಅವಳು ಮಗನಿಗೂ ಊಟ ಕಟ್ಟಿ, ಹೋಗಿ ಬಾ ಅನ್ನುತ್ತಾಳೆ. ಅದನ್ನು ನೆನೆದು ಐರನ್ನನ್ನು ಕೆಳಗಿಟ್ಟೆ. ಅವತ್ತು ಅವಳು ಬಂದಾಗ, ನನ್ನಿಂದಾಗುವುದಿಲ್ಲಮ್ಮ ಎಂದು ಹೇಳಿಬಿಟ್ಟೆ. ಅವಳು ಅದನ್ನು ಮೊದಲೇ ತಿಳಿದಿದ್ದವಳಂತೆ ತಲೆದೂಗಿದಳು. ಡಬ್ಬಿಯನ್ನು ನನ್ನ ಹತ್ತಿರವೇ ಇಟ್ಟುಕೊಳ್ಳಲು ಹೇಳಿದಳು. ಮನೆಯಲ್ಲಿದ್ದರೆ ಓಡಿದರೂ ಭಯ, ನಿಂತರೂ ಭಯ ಅಂದಳು. ಆಮೇಲೆ ಅವಳು ಬರಲಿಲ್ಲ.

ಮಂಜುನಾಥ ಗಣಿ ಮುಚ್ಚುವವರೆಗೂ ಕೆಳಗಿಳಿದ. ಅವನಿಗೆ ಏನೂ ಆಗಲಿಲ್ಲ, ಅಷ್ಟು ಪುಣ್ಯ. ಆದರೆ ಕಾಗೆ ಎಂಟು ಸಲ ಕೂತರೆ ಏನನ್ನುವುದು ಎಂದು ಕೇಳಿದ್ದ ಆ ಹುಡುಗನಾಗಿ ಅವನು ಉಳಿಯಲಿಲ್ಲ. ನಾರಾಯಣಮ್ಮ ಗಣಿ ಮುಚ್ಚುವ ಮೊದಲೇ ತೀರಿಕೊಂಡಳು. ಮಗ ಪಾಳಿ ಮುಗಿಸಿ ಬರುವ ತನಕ ಬಾಗಿಲು ಬಿಟ್ಟು ಏಳುತ್ತಿರಲಿಲ್ಲವಂತೆ.

ಒಬ್ಬ ಕಾಲೇಜು ಮೇಷ್ಟರಿಗೆ ಇದನ್ನೆಲ್ಲ ಹೇಳಿದ್ದೆ. ಒತ್ತಡಕ್ಕೆ ಸಿಕ್ಕ ಬಂಡೆ ಒಡೆಯುವ ಮುಂಚೆ ಏನೋ ವಿದ್ಯುತ್ತನ್ನು ಹೊರಡಿಸಬಹುದು, ಆ ಬಿರುಕುಬಿಟ್ಟ ಬೆಸುಗೆ ಅದನ್ನು ಹಿಡಿದಿರಬಹುದು ಅಂದರು. ಹಾಗಾದರೆ ಬಂಗಾರಪೇಟೆಯ ತನಕ ಅದು ಹೇಗೆ ಬಂತು, ನಾನು ಮಾಡಿದ ಅಷ್ಟೂ ಬಿರುಕುಗಳು ಯಾಕೆ ಹಿಡಿಯಲಿಲ್ಲ ಎಂದು ಕೇಳಿದೆ. ಎಲ್ಲ ಕಾಕತಾಳೀಯವೂ ಇರಬಹುದು ಅಂದರು. ಇರಬಹುದು. ಹಾಗೆ ನಂಬಲು ನನಗಿಂತ ಹೆಚ್ಚು ಆಸೆಪಟ್ಟವರು ಯಾರೂ ಇರಲಾರರು. ಕಾಕತಾಳೀಯವಾದರೆ ನಾನು ಒಂದು ಡಬ್ಬಿಯನ್ನು ರಿಪೇರಿ ಮಾಡಿದವನು, ಅಷ್ಟೇ. ಅಲ್ಲವಾದರೆ ಏನು ಎಂಬುದನ್ನು ಬರೆಯಲು ಕೈ ಬರುವುದಿಲ್ಲ.

ಕಡೆಗೆ ಆ ಬೆಸುಗೆಯನ್ನು ಮತ್ತೆ ಗಟ್ಟಿಯಾಗಿ ಬೆಸೆದೆ. ಕಂಪ್ಯೂಟರು ಈಗಲೂ ನನ್ನ ಹತ್ತಿರವೇ ಇದೆ. ಅಂಗಡಿ ನಿಲ್ಲಿಸಿದ್ದೇನೆ, ಗಣಿಯ ಕೆಳಗೆ ಈಗ ಯಾರೂ ಇಲ್ಲ, ಅಲ್ಲೆಲ್ಲ ನೀರು ತುಂಬಿದೆಯಂತೆ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಆ ನಾಲ್ಕು ಸಾಲನ್ನು ಬರೆದು ಎಣಿಸಲು ಬಿಡುತ್ತೇನೆ. ಯಾತಕ್ಕೆ ಎಂದು ಮನೆಯವರು ಕೇಳುವುದನ್ನು ಬಿಟ್ಟಿದ್ದಾರೆ. ಇವತ್ತೂ ಇದನ್ನು ಬರೆಯಲು ಕೂರುವ ಮೊದಲು ಹಾಕಿದ್ದೆ. ಈಗ ತಲೆಯೆತ್ತಿ ನೋಡಿದೆ, ಹನ್ನೊಂದು ಸಾವಿರ ದಾಟಿದೆ. ಓಡುತ್ತಲೇ ಇದೆ.